ಕಾಫಿ ತೋಟಕ್ಕೆ ಬಂದ ರೇಸ್ ಗಾಡಿ: ಒಂದು ಟೂ-ಸ್ಟ್ರೋಕ್ ಪ್ರಕರಣ

ಮೊದಲನೇ ಭಾನುವಾರ ಗಾಡಿ ಹನ್ನೊಂದು ಸಲ ಆಫ್ ಆಯಿತು. ಬರೀ 3.4 ಕಿಲೋಮೀಟರಿನ ಒಂದು ಸುತ್ತಿನಲ್ಲಿ. ಎಣಿಸಿದ್ದು ನಾನಲ್ಲ, ತೋಟದ ರೈಟರ್ (ಲೆಕ್ಕಪತ್ರ ಬರೆಯುವವರು). ಪಲ್ಪರ್ ಮನೆಯ ಕಟ್ಟೆ ಮೇಲೆ ಕೂತು, ಕಾಫಿ ಗಿಡಗಳ ನಡುವೆ ಎಲ್ಲೋ ಸದ್ದು ನಿಂತಾಗಲೆಲ್ಲ ಒಂದೊಂದು ಬೆರಳು ಮಡಿಸುತ್ತಾ ಹೋದರು. ಎರಡೂ ಕೈಯ ಬೆರಳು ಮುಗಿದ ಮೇಲೆ ಎದ್ದು ನಿಂತು, "ಇದಕ್ಕಿಂತ ನಮ್ಮ ಹಳೇ ಯೆಜ್ಡಿನೇ ವಾಸಿಯಾಗಿತ್ತಲ್ರೀ" ಅಂದರು.

ತಮಾಷೆಗೆ ಅಂದ ಮಾತು, ಆದರೆ ಇಡೀ ಪ್ರಕರಣದ ಗುಟ್ಟು ಅದರಲ್ಲೇ ಇತ್ತು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯೂ 250 ಸಿಸಿಯ ಟೂ-ಸ್ಟ್ರೋಕ್, ಈ ಯಮಹಾ ವೈಝಡ್ 250ಯೂ 250 ಸಿಸಿಯ ಟೂ-ಸ್ಟ್ರೋಕ್. ಯೆಜ್ಡಿ ರೋಡ್‌ಕಿಂಗ್ ಕೊಡುತ್ತಿದ್ದದ್ದು ಸುಮಾರು 16 ಕುದುರೆ ಶಕ್ತಿ. ಇದು ಅದರ ಎರಡೂವರೆ ಪಟ್ಟಿಗೂ ಮೇಲೆ. ಆದರೂ ಗೊಬ್ಬರದ ಮೂಟೆ ಹಿಂದೆ ಕಟ್ಟಿಕೊಂಡು ಯೆಜ್ಡಿ ಪುಟುಪುಟು ಅಂತ ಹತ್ತುತ್ತಿದ್ದ ದರೆಯ ಮೇಲೆ, ಬರೀ ಮೈಯಲ್ಲಿ ಬಂದ ವೈಝಡ್ ಉಸಿರು ಕಟ್ಟಿ ನಿಲ್ಲುತ್ತಿತ್ತು.

ನನ್ನದು ಹಾಸನದಲ್ಲಿ ಸಣ್ಣ ಗ್ಯಾರೇಜು. ಆರ್‌ಎಕ್ಸ್ 100, ಯೆಜ್ಡಿ, ಇಂಥವೇ ಹೆಚ್ಚು. ಸಕಲೇಶಪುರದ ಕಡೆಯ ಗೆಳೆಯನೊಬ್ಬ (ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಎಲ್ಲರಂತೆ ನಾನೂ ಗೌಡ ಅಂತಲೇ ಕರೆಯುವುದು) ಬೆಂಗಳೂರಿನ ರೇಸ್ ಹುಡುಗನೊಬ್ಬನಿಂದ 2008ರ ಮಾಡೆಲ್ ಗಾಡಿಯನ್ನು ಕೈಬದಲು ತಂದಿದ್ದ. ಮೋಟೋಕ್ರಾಸ್ ಟ್ರ್ಯಾಕಿಗೆಂದೇ ಹುಟ್ಟಿದ ಗಾಡಿ. ಲೈಟಿಲ್ಲ, ಹಾರ್ನಿಲ್ಲ, ಸೈಡ್ ಸ್ಟ್ಯಾಂಡೂ ಇಲ್ಲ. ರಸ್ತೆಗೆ ರಿಜಿಸ್ಟ್ರೇಶನ್ ಆಗುವ ಮಾತೇ ಇಲ್ಲ, ಹಾಗಾಗಿ ಎಲ್ಲಿಗೆ ಹೋದರೂ ಪಿಕಪ್ ಮೇಲೆಯೇ ಸವಾರಿ. ಓಡಿಸುವ ಜಾಗ ಅವನ ಸ್ವಂತ ತೋಟ ಮಾತ್ರ. ಹಳ್ಳದಾಚೆ ರಿಸರ್ವ್ ಫಾರೆಸ್ಟ್, ಅತ್ತ ಚಕ್ರ ಹೊರಳಿಸುವ ಹಾಗಿಲ್ಲ ಅಂತ ಮೊದಲ ದಿನವೇ ಮಾತಾಗಿತ್ತು.

ಗೌಡನ ಪ್ರಕಾರ ಬೇಕಾಗಿದ್ದದ್ದು ಒಂದು ದುಬಾರಿ ಎಕ್ಸಾಸ್ಟ್ ಪೈಪು. "ಪಿಕಪ್ ಸಾಲ್ತಿಲ್ಲ ಅಣ್ಣಾ, ಕೆಳಗೆ ಸತ್ತೇ ಹೋಗಿದೆ." ನಾನು ಅವನ ಥ್ರಾಟಲ್ ಹಿಡಿಕೆಯ ಪಕ್ಕ ಬಿಳಿ ಟೇಪು ಸುತ್ತಿ ಕಾಲು, ಅರ್ಧ, ಮುಕ್ಕಾಲು ಅಂತ ಗೆರೆ ಎಳೆದೆ. ಇನ್ನೊಂದು ಸುತ್ತು ಹೊಡೆದು ಬಂದು ನೋಡಿಕೊಂಡು ಅವನೇ ಹೇಳಿದ: ಅರ್ಧದ ಗೆರೆ ದಾಟಿದ್ದು ಗದ್ದೆ ಬದಿಯ ನೇರ ದಾರಿಯಲ್ಲಿ ಎರಡೇ ಸಲ, ಉಳಿದದ್ದೆಲ್ಲ ಕಾಲಿನ ಒಳಗೇ. ಅಂದರೆ ಆ ಗಾಡಿಯ ಇಂಜಿನಿಯರು ಯಾವ ಜಾಗಕ್ಕೆ ಹೆಚ್ಚು ತಲೆ ಕೆಡಿಸಿಕೊಂಡಿದ್ದನೋ ಆ ಜಾಗಕ್ಕೆ ಇವನು ಹೋಗುತ್ತಲೇ ಇರಲಿಲ್ಲ. ನಮ್ಮ ಕೆಲಸ ಏನಿದ್ದರೂ ಆ ಮೊದಲ ಕಾಲು ತಿರುವಿನದ್ದು.

ಮೊದಲು ಪುಕ್ಕಟೆ ಕೆಲಸ. ರೇಸ್ ಹುಡುಗರು ಐಡ್ಲಿಂಗ್ ಇಡುವುದಿಲ್ಲ. ಥ್ರಾಟಲ್ ಬಿಟ್ಟರೆ ಇಂಜಿನ್ ನಿಲ್ಲಬೇಕು, ಅಷ್ಟೇ. ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸಿದೆ. ಹನ್ನೊಂದು ಏಳಾಯಿತು. ಆದರೆ ಹೊಸದೊಂದು ಲಕ್ಷಣ ಕಣ್ಣಿಗೆ ಬಿತ್ತು. ಥ್ರಾಟಲ್ ಬಿಟ್ಟ ಮೇಲೂ ಇಂಜಿನ್ ಒಂದೆರಡು ಕ್ಷಣ ಮೇಲೇ ನೇತಾಡಿ ಆಮೇಲೆ ಇಳಿಯುತ್ತಿತ್ತು. ಹೊಸಬರು ಇದನ್ನು ಕಂಡ ಕೂಡಲೇ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿರಡೆ) ಬದಲಿಸಲು ಹೋಗುತ್ತಾರೆ. ನಾನೂ ಹಿಂದೆ ಹಾಗೆ ಮಾಡಿ ಒಂದು ಆರ್‌ಎಕ್ಸ್ ಪಿಸ್ಟನ್ ತಿಂದಿದ್ದೇನೆ. ಟೂ-ಸ್ಟ್ರೋಕಿನಲ್ಲಿ ಪಿಸ್ಟನ್ ಕೆಳಗಿನ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸೇ ಪಂಪು. ಅದು ಗಾಳಿ ಸೋರುತ್ತಿದ್ದರೆ ಕಾರ್ಬ್ಯುರೇಟರಿನಲ್ಲಿ ಏನು ಮಾಡಿದರೂ ತೂತಿನ ಬಿಂದಿಗೆಗೆ ನೀರು ಹೊಯ್ದ ಹಾಗೆ.

ಆದ್ದರಿಂದ ಪ್ರೆಶರ್ ಟೆಸ್ಟ್. ಇಂಟೇಕನ್ನೂ ಎಕ್ಸಾಸ್ಟ್ ಪೋರ್ಟನ್ನೂ ರಬ್ಬರ್ ಬಿರಡೆಯಿಂದ ಬಿಗಿದು, ಒಳಗೆ 6 ಪಿಎಸ್‌ಐ ಗಾಳಿ ಹಾಕಿ, ಗೇಜ್ ನೋಡುತ್ತಾ ಕೂತೆವು. ಆರೋಗ್ಯವಾಗಿರುವ ಇಂಜಿನ್ ಆರು ನಿಮಿಷವಾದರೂ ಅದನ್ನು ಹಿಡಿದಿಟ್ಟುಕೊಳ್ಳಬೇಕು. ನಮ್ಮದು ಒಂದೇ ನಿಮಿಷಕ್ಕೆ 2ಕ್ಕೆ ಬಿತ್ತು. ಸೋಪಿನ ನೀರು ಹಚ್ಚುತ್ತಾ ಬಂದರೆ ಮ್ಯಾಗ್ನೆಟ್ ಕಡೆಯ ಕ್ರ್ಯಾಂಕ್ ಸೀಲಿನ ಸುತ್ತ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳ ಸಾಲು. ಈ ಬದಿಯ ಸೀಲ್ ಹೋದರೆ ಬರೀ ಗಾಳಿ ಎಳೆದುಕೊಂಡು ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಕ್ಲಚ್ ಬದಿಯದ್ದು ಹೋಗಿದ್ದರೆ ಗೇರ್ ಆಯಿಲ್ ಎಳೆದುಕೊಂಡು ಬಿಳಿ ಹೊಗೆ ಬರುತ್ತಿತ್ತು, ಅದನ್ನು ಯಾರಾದರೂ ಕಂಡುಹಿಡಿಯುತ್ತಾರೆ. ಎರಡೂ ಸೀಲ್ ಬದಲಿಸಿದೆವು. ಸಿಲಿಂಡರ್ ಬಿಚ್ಚಿದ್ದಾಗಲೇ ಪವರ್ ವಾಲ್ವ್ (ಎಕ್ಸಾಸ್ಟ್ ಪೋರ್ಟನ್ನು ಹಿಗ್ಗಿಸಿ ಕುಗ್ಗಿಸುವ ಬಾಗಿಲು) ಮೇಲಿನ ಇದ್ದಿಲನ್ನೂ ಕೆರೆದು ತೆಗೆದದ್ದಾಯಿತು.

ಈಗ ಕಾರ್ಬ್ಯುರೇಟರ್. ಕೈಹಿನ್ ಪಿಡಬ್ಲ್ಯುಕೆ, 38 ಮಿಲಿಮೀಟರಿನದು. ಒಳಗೆ ಸಿಕ್ಕಿದ್ದು ಪೂರ್ತಿ ಥ್ರಾಟಲಿಗೆ ಪೆಟ್ರೋಲ್ ಬಿಡುವ ಮೈನ್ ಜೆಟ್ 178, ಸಣ್ಣ ಥ್ರಾಟಲಿನ ಪೈಲಟ್ ಜೆಟ್ 50. ಟ್ರ್ಯಾಕಿನಲ್ಲಿ, ಸದಾ ಮುಕ್ಕಾಲು ಥ್ರಾಟಲ್ ಮೇಲೆ ಓಡುವ ಗಾಡಿಗೆ ಅದು ಸರಿ ಇದ್ದಿರಬಹುದು. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ; ಗಾಳಿ ತೆಳು, ಪೆಟ್ರೋಲ್ ಅಷ್ಟೇ ಬಿದ್ದರೆ ಮಿಶ್ರಣ ರಿಚ್. ಸಣ್ಣ ಥ್ರಾಟಲ್‌ನಲ್ಲಿ ಹತ್ತು ನಿಮಿಷ ತೆವಳಿದರೆ ಇಂಜಿನ್ ಒಳಗೆ ಪೆಟ್ರೋಲ್ ತುಂಬಿಕೊಂಡು, ಏರು ಬಂದಾಗ ಬ್ವಾ ಅಂತ ಒಂದು ಸಲ ತೇಗಿ ನಿಲ್ಲುತ್ತಿತ್ತು. ಸೈಲೆನ್ಸರ್ ತುದಿಯಿಂದ ಕರೀ ಎಣ್ಣೆ ತೊಟ್ಟಿಕ್ಕಿ ಹಿಂದಿನ ಮಡ್‌ಗಾರ್ಡೆಲ್ಲ ಕೊಳಕು.

ಕರೀ ಎಣ್ಣೆ ಕಂಡ ತಕ್ಷಣ ಆಯಿಲ್ ಕಡಿಮೆ ಹಾಕುವ ಚಟ ನಮ್ಮಲ್ಲಿ ಬಹಳ ಹಳೆಯದು. ಇದು ತಪ್ಪು ಮಾತ್ರವಲ್ಲ, ತಿರುಗುಬಾಣ. ಆಯಿಲ್ ಕಡಿಮೆ ಮಾಡಿದಷ್ಟೂ ಅದೇ ಜೆಟ್ಟಿನ ತೂತಿನಲ್ಲಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ, ಮಿಶ್ರಣ ಇನ್ನಷ್ಟು ರಿಚ್ ಆಗುತ್ತದೆ. ಉರಿಯದೆ ಹೊರಬರುವುದು ಜೆಟ್ಟಿನ ತಪ್ಪು, ಆಯಿಲಿನದ್ದಲ್ಲ. ನಾವು 32ಕ್ಕೆ 1ರ ಲೆಕ್ಕದಲ್ಲೇ ನಿಂತೆವು: 5 ಲೀಟರ್ ಪೆಟ್ರೋಲಿಗೆ 156 ಮಿಲಿಲೀಟರ್ ಟೂ-ಟಿ. ಅಳೆಯುವುದಕ್ಕೆ ಸಿರಿಂಜು, ಬಾಟ್ಲಿ ಮುಚ್ಚಳದ ಲೆಕ್ಕ ಬೇಡ.

ಪೈಲಟ್ 50ರಲ್ಲಿ ಏರ್ ಸ್ಕ್ರೂ ಮೂರು ಸುತ್ತು ಹೊರಗೆ ತಿರುಗಿಸಿದರೂ ಇಂಜಿನ್ ಇನ್ನೂ ಗಾಳಿ ಕೇಳುತ್ತಲೇ ಇತ್ತು. ಎರಡೂವರೆ ಸುತ್ತು ದಾಟಿತೆಂದರೆ ಪೈಲಟ್ ದೊಡ್ಡದಾಯಿತು ಅಂತಲೇ ಅರ್ಥ. 45 ಹಾಕಿದೆ. ಒಂದೂವರೆ ಸುತ್ತಿಗೆ ಐಡ್ಲಿಂಗ್ ತನ್ನಷ್ಟಕ್ಕೆ ಏರಿ ನಿಂತಿತು. ಇಂಜಿನ್ ಬಿಸಿ ಇರುವಾಗ, ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ, ಪ್ರತಿ ಸಲ ಐದಾರು ಸೆಕೆಂಡು ಕಿವಿಗೊಟ್ಟು ಕೇಳಬೇಕು. ಆಮೇಲೆ ನಡು ಥ್ರಾಟಲಿನ ಪೆಟ್ರೋಲ್ ಅಳೆಯುವ ನೀಡಲಿನ ಕ್ಲಿಪ್ ಒಂದು ಗೀರು ಮೇಲಕ್ಕೆ, ಮೈನ್ 172. ತೋಟದಲ್ಲಿ ಮೈನ್ ಜೆಟ್ಟಿಗೆ ಕೆಲಸ ಬರುವುದೇ ಅಪರೂಪ. ಹಾಗೆಂದು ಅದನ್ನು ತೀರಾ ಸಣ್ಣದು ಮಾಡಿ ಕೂತರೆ ಆ ಗದ್ದೆ ಬದಿಯ ನೇರ ದಾರಿಯೇ ಸಾಕು ಪಿಸ್ಟನ್ ಸುಡುವುದಕ್ಕೆ. ಪ್ಲಗ್ ಕಪ್ಪಾಗುತ್ತದೆಂದು ಬಿಸಿ ಪ್ಲಗ್ (ತುದಿ ಹೆಚ್ಚು ಕಾಯುವ ನಂಬರಿನದು) ಹಾಕುವ ಉಪಾಯವನ್ನೂ ಗೌಡ ಎತ್ತಿದ. ಜ್ವರಕ್ಕೆ ಥರ್ಮಾಮೀಟರ್ ಬದಲಿಸುವ ವೈದ್ಯ ಅದು. 8ನೇ ನಂಬರಿನದೇ ಉಳಿಯಿತು.

ಪೆಟ್ರೋಲಿನ ಬಗ್ಗೆ ಒಂದು ಮಾತು. ಈಗ ಬಂಕಿನಲ್ಲಿ ಸಿಗುವುದು ಎಥೆನಾಲ್ ಬೆರೆತದ್ದು. ಅದು ನೀರು ಹೀರುತ್ತದೆ, ಮಲೆನಾಡಿನ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಅದೇ ಜೆಟ್ಟಿನಲ್ಲಿ ಮಿಶ್ರಣ ತುಸು ಲೀನ್ ಕಡೆಗೂ ವಾಲುತ್ತದೆ. ಹಾಗಾಗಿ ಹೊರದೇಶದ ಯಾರದೋ ಜೆಟ್ ಪಟ್ಟಿ ನೋಡಿ ಹಾಕಿದರೆ ನಮ್ಮಲ್ಲಿ ಕೂರುವುದಿಲ್ಲ. ಸವಾರಿ ಮುಗಿದ ಮೇಲೆ ಫ್ಲೋಟ್ ಬೌಲ್ (ಕಾರ್ಬ್ಯುರೇಟರಿನ ತಳದ ಪೆಟ್ರೋಲ್ ಬಟ್ಟಲು) ಖಾಲಿ ಮಾಡಿಯೇ ಗಾಡಿ ಒಳಗಿಡಬೇಕು. ಗೌಡ ಇದನ್ನು ಒಂದು ಸಲ ಮರೆತ. ಮೂರು ವಾರದ ನಂತರ ಪೈಲಟ್ ಜೆಟ್ಟಿನ ಕೂದಲೆಳೆಯಂಥ ತೂತು ಪೂರಾ ಮುಚ್ಚಿತ್ತು.

ಸೀಲ್, ಜೆಟ್ ಎರಡೂ ಮುಗಿದಾಗ ರೈಟರ ಬೆರಳು ಐದಕ್ಕೆ ಬಂದಿತ್ತು.

ಇನ್ನು ನನ್ನ ದಡ್ಡತನದ ಭಾಗ. ಯೆಜ್ಡಿ ನಿಲ್ಲದೆ ಹತ್ತುತ್ತಿದ್ದುದಕ್ಕೆ ದೊಡ್ಡ ಕಾರಣ ಅದರ ಒಳಗೆ ತಿರುಗುವ ತೂಕ. ಭಾರದ ಬೀಸುಕಲ್ಲು ಒಮ್ಮೆ ತಿರುಗಿದರೆ ಕೈ ಬಿಟ್ಟರೂ ನಾಲ್ಕು ಸುತ್ತು ತಾನೇ ಹೋಗುತ್ತದಲ್ಲ, ಹಾಗೆ. ಮೋಟೋಕ್ರಾಸ್ ಇಂಜಿನಿಗೆ ತಟಕ್ಕನೆ ಏರಬೇಕು, ಅದಕ್ಕೇ ಅದರ ಫ್ಲೈವೀಲ್ ಹಗುರ. ಕಾಡುದಾರಿಗೆ ಓಡಿಸುವವರು ಅದಕ್ಕೊಂದು ತೂಕ ಸೇರಿಸುತ್ತಾರೆ, ಸಾಮಾನ್ಯವಾಗಿ 280 ಗ್ರಾಮಿನ ಆಸುಪಾಸು. ಹೊರದೇಶದಿಂದ ತರಿಸಬೇಕು, ಕಸ್ಟಮ್ಸ್ ಬೇರೆ. "ಒಂದು ರಿಂಗ್ ತಾನೇ ಗೌಡ, ಲೇತಿನಲ್ಲಿ ಹೊಡೆಸಿದರೆ ಆಯ್ತಪ್ಪಾ" ಅಂತ ನಾನೇ ಹೇಳಿ ಹೊಡೆಸಿದೆ. ನೋಡಲು ಬಲು ಚೆಂದ ಬಂದಿತ್ತು. ಫ್ಲೈವೀಲಿಗೆ ಬಿಗಿದು, ಎರಡು ಸಮ ಅಂಚುಗಳ ಮೇಲೆ ಉರುಳಲು ಬಿಟ್ಟರೆ, ಎಷ್ಟು ಸಲ ಬಿಟ್ಟರೂ ಒಂದೇ ಜಾಗ ಕೆಳಗೆ ಬಂದು ನಿಲ್ಲುತ್ತಿತ್ತು. ಮೇಣದ ಉಂಡೆ ಅಂಟಿಸಿ ತೂಗಿದರೆ ವ್ಯತ್ಯಾಸ ಒಂದು ಗ್ರಾಮಿಗೆ ಸ್ವಲ್ಪ ಮೇಲೆ. ಒಂದು ಗ್ರಾಂ ಏನು ಮಹಾ ಅಂತೀರಾ? ನಡುವಿನಿಂದ 50 ಮಿಲಿಮೀಟರ್ ದೂರದಲ್ಲಿರುವ ಒಂದು ಗ್ರಾಂ, 8000 ಆರ್‌ಪಿಎಮ್‌ನಲ್ಲಿ ಸುಮಾರು ಮೂರೂವರೆ ಕಿಲೋ ಭಾರದಷ್ಟು ಹೊರಕ್ಕೆ ಎಳೆಯುತ್ತದೆ. ಪ್ರತಿ ಸುತ್ತಿಗೂ ದಿಕ್ಕು ಬದಲಿಸುತ್ತಾ, ಈಗಷ್ಟೇ ಹಾಕಿದ ಹೊಸ ಸೀಲಿನ ಪಕ್ಕದಲ್ಲೇ. ಬಿಗಿದ ಬೋಲ್ಟ್ ಕಿತ್ತು ಬಂದರೆ ಅದು ಇರುವುದು ಎಡಗಾಲಿನ ಬಳಿ. ಆ ರಿಂಗ್ ಈಗ ನನ್ನ ಮೇಜಿನ ಮೇಲೆ ಬಿಲ್ಲುಗಳು ಹಾರದಂತೆ ಕಾಯುತ್ತಿದೆ.

ಅಸಲಿ ತೂಕ ಬರಲು ಎರಡು ತಿಂಗಳಾಯಿತು. ಕೂರಿಸುವಾಗ ಗಮನಿಸಬೇಕಾದದ್ದು ಕ್ರ್ಯಾಂಕ್ ತುದಿಯ ಓರೆ ಮೈ. ವಾಲ್ವ್ ಅರೆಯುವ ಪೇಸ್ಟ್ ಹಚ್ಚಿ ಫ್ಲೈವೀಲನ್ನು ಕೈಯಲ್ಲೇ ಅತ್ತಿತ್ತ ತಿರುಗಿಸಿದರೆ ಎಲ್ಲೆಲ್ಲಿ ತಾಗುತ್ತಿದೆ ಎಂಬುದು ಮಾಸಲು ಬೂದಿಬಣ್ಣದಲ್ಲಿ ಕಾಣುತ್ತದೆ. ಸುತ್ತಲೂ ಒಂದೇ ಸಮ ಬರುವವರೆಗೆ ಅರೆದು, ಪೇಸ್ಟ್ ಚೂರೂ ಉಳಿಯದಂತೆ ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ ಬಿಗಿಯಬೇಕು. ತೂಕ ಹೆಚ್ಚಿದ ಮೇಲೆ ಹಿಡಿತ ಇರಬೇಕಾದದ್ದು ಆ ಓರೆ ಮೈಯಲ್ಲಿ, ಅರ್ಧಚಂದ್ರದ ಕೀಲಿಯಲ್ಲಲ್ಲ. ಬಿಚ್ಚುವುದಕ್ಕೆ ಪುಲ್ಲರ್ ಇಲ್ಲದಿದ್ದರೆ ಆ ಕೆಲಸಕ್ಕೆ ಕೈ ಹಾಕಬೇಡಿ. ಸುತ್ತಿಗೆ ಕ್ರ್ಯಾಂಕಿನ ಶತ್ರು.

ಆ ಭಾನುವಾರ ಗೌಡ ಒಂದೇ ಸಲ ಆಫ್ ಮಾಡಿದ, ಅದೂ ಬಿದಿರು ಮೆಳೆಯ ತಿರುವಿನಲ್ಲಿ ಹಸು ಅಡ್ಡ ಬಂದಿದ್ದಕ್ಕೆ. ಕುದುರೆ ಶಕ್ತಿ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಬರುವ ರೀತಿ ಬದಲಾಗಿತ್ತು.

ತೂಕಕ್ಕೆ ಕಾಯುತ್ತಿದ್ದ ಆ ಎರಡು ತಿಂಗಳಲ್ಲಿ ಇನ್ನೊಂದು ತಪ್ಪೂ ಮಾಡಿದ್ದೆವು. ಬಂದಾಗ ಸ್ಪ್ರಾಕೆಟ್ ಮುಂದೆ 14, ಹಿಂದೆ 50 ಹಲ್ಲು; ಅನುಪಾತ 3.57. ಮುಂದೆ 13 ಹಾಕುವುದು ಎಲ್ಲಕ್ಕಿಂತ ಅಗ್ಗದ ಬದಲಾವಣೆ, ಮುಂದಿನ ಒಂದು ಹಲ್ಲು ಹಿಂದಿನ ಸುಮಾರು ನಾಲ್ಕಕ್ಕೆ ಸಮ. ಅನುಪಾತ 3.85ಕ್ಕೆ ಹೋಯಿತು. ಆಫ್ ಆಗುವುದೇನೋ ತಗ್ಗಿತು, ಆದರೆ ಚಕ್ರಕ್ಕೆ ತಲುಪುವ ಎಳೆತ ಹೆಚ್ಚಿ, ಪವರ್ ಬ್ಯಾಂಡ್ (ಶಕ್ತಿ ಒಮ್ಮೆಲೇ ನುಗ್ಗುವ ಹಂತ) ಇನ್ನೂ ಬೇಗ ಮೈಮೇಲೆ ಬರತೊಡಗಿತು. ಒದ್ದೆ ಕೆಮ್ಮಣ್ಣಿನ ಏರಿನಲ್ಲಿ ಹಿಂದಿನ ಚಕ್ರ ಗಿರಗಿರ ತಿರುಗಿ ಅಲ್ಲೇ ಗುಂಡಿ ತೋಡುತ್ತಿತ್ತು. ಮೋಟೋಕ್ರಾಸ್ ಗೇರುಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಒಂದನೇ ಗೇರ್ ಹಾಕಿದ್ದಷ್ಟೇ ತಡ, ಮುಗಿದೇ ಹೋಗುತ್ತಿತ್ತು. ಫ್ಲೈವೀಲ್ ತೂಕ ಬಂದ ಮೇಲೆ ಮುಂದೆ ಮತ್ತೆ 14, ಹಿಂದೆ 52, ಚೈನು ಉದ್ದದ್ದು. 3.71. ಈಗ ಅವನು ತೋಟದ ಮುಕ್ಕಾಲು ಭಾಗ ಎರಡನೇ ಗೇರಿನಲ್ಲೇ ಮುಗಿಸುತ್ತಾನೆ. ಯಮಹಾ ತಾನೇ 2016ರ ಮಾಡೆಲ್ ಆಗಿ ವೈಝಡ್ 250 ಎಕ್ಸ್ ತಂದಾಗ ಗೇರುಗಳನ್ನು ಅಗಲಿಸಿ, ಕಂಪ್ರೆಷನ್ ಇಳಿಸಿ, ಹಿಂದೆ 18 ಇಂಚಿನ ಚಕ್ರ ಹಾಕಿ, ಸಸ್ಪೆನ್ಶನ್ ಮೆದು ಮಾಡಿ, ಸೈಡ್ ಸ್ಟ್ಯಾಂಡ್ ಕೊಟ್ಟಿತು. ಗೇರ್‌ಬಾಕ್ಸ್ ಬಿಟ್ಟು ಉಳಿದದ್ದೆಲ್ಲ ನಮ್ಮ ಕೈಗೆ ಎಟುಕುವಂಥದ್ದೇ. ಕಂಪ್ರೆಷನ್ ಮಾತ್ರ ನಾವು ಮುಟ್ಟಲಿಲ್ಲ, ಬೇಕು ಅನ್ನಿಸಲೂ ಇಲ್ಲ.

ಸಸ್ಪೆನ್ಶನ್ ಬಗ್ಗೆ ಗೌಡನಿಗೆ ದೂರೇ ಇರಲಿಲ್ಲ. "ಗಟ್ಟಿ ಇದೆ, ಒಳ್ಳೇದಲ್ವಾ ಅಣ್ಣಾ?" ಅನ್ನುವವನು. ಆದರೆ ಮೂರು ಸುತ್ತಿಗೆ ಕೈ ಬಿಗಿದು ಬ್ರೇಕ್ ಹಿಡಿಯಲಾಗದೆ ಕೂತುಬಿಡುತ್ತಿದ್ದ. ಫೋರ್ಕು ಎಷ್ಟು ಕೂರುತ್ತದೆ ನೋಡಲು ಮುಂದಿನ ಫೋರ್ಕಿಗೆ ಒಂದು ಜಿಪ್ ಟೈ ಕಟ್ಟಿ ಕಳಿಸಿದೆ. 300 ಮಿಲಿಮೀಟರ್ ಓಟ ಇರುವ ಫೋರ್ಕು. ಜಿಪ್ ಟೈ 190ರ ಹತ್ತಿರ ನಿಂತಿತ್ತು. ಕೊಟ್ಟ ಕಾಸಿನಲ್ಲಿ ಮೂರನೇ ಒಂದು ಭಾಗ ಪೆಟ್ಟಿಗೆಯಲ್ಲೇ ಉಳಿದಿತ್ತು ಅನ್ನಿ. ಆ ಸ್ಪ್ರಿಂಗುಗಳು 20 ಅಡಿ ಹಾರಿ ಬೀಳುವವನಿಗಾಗಿ ಇದ್ದವು. ಗೌಡ ಹಾರುವುದಿಲ್ಲ; ಅವನು ಹಾಯುವುದು ಬೇರು, ಕಲ್ಲು, ಹಳ್ಳದ ಉರುಟು ಗುಂಡು.

ಹಿಂದೆ ಸ್ಯಾಗ್, ಅಂದರೆ ಭಾರಕ್ಕೆ ಸಸ್ಪೆನ್ಶನ್ ಎಷ್ಟು ಕೂರುತ್ತದೆ ಅನ್ನುವುದನ್ನು ಅಳೆದೆವು. ಗಾಡಿ ಸ್ಟ್ಯಾಂಡ್ ಮೇಲಿರುವಾಗ ಆಕ್ಸಲಿನಿಂದ ಮಡ್‌ಗಾರ್ಡಿನ ಗುರುತಿಗೆ 612 ಮಿಲಿಮೀಟರ್. ಗೌಡ ಬೂಟು, ಹೆಲ್ಮೆಟ್ ಸಮೇತ ಕೂತಾಗ (ಒಟ್ಟು 74 ಕಿಲೋ) ಪ್ರೀಲೋಡ್, ಅಂದರೆ ಸ್ಪ್ರಿಂಗಿಗೆ ಮೊದಲೇ ಕೊಟ್ಟ ಬಿಗಿ ಸಡಿಲಿಸುತ್ತಾ 508ಕ್ಕೆ ತಂದೆವು, ಅಂದರೆ 104 ಇಳಿತ. ಕಾಡುದಾರಿಗೆ ಸರಿಯಾದ ಲೆಕ್ಕ. ಈಗ ಅವನನ್ನು ಇಳಿಸಿ, ಗಾಡಿ ತನ್ನ ತೂಕಕ್ಕೇ ಎಷ್ಟು ಕೂರುತ್ತದೆ ನೋಡಿದರೆ 564, ಅಂದರೆ 48. ಇದು 30-35ರ ಹತ್ತಿರ ಇರಬೇಕಿತ್ತು. ಬಹಳ ಜನ ಇಲ್ಲಿ ಎಡವುತ್ತಾರೆ: ಗಾಡಿ ತಾನಾಗೇ ಹೆಚ್ಚು ಕೂರುತ್ತಿದೆ, ಹಾಗಾದರೆ ಸ್ಪ್ರಿಂಗ್ ಮೆದು ಅಂದುಕೊಳ್ಳುತ್ತಾರೆ. ಉಲ್ಟಾ. ಸವಾರನಿಗೆ ಬೇಕಾದ ಇಳಿತ ಸಿಗಲು ಪ್ರೀಲೋಡನ್ನು ಅಷ್ಟೊಂದು ಬಿಡಬೇಕಾಯಿತು ಅಂದರೆ ಸ್ಪ್ರಿಂಗ್ ಅವನ ತೂಕಕ್ಕೆ ಗಟ್ಟಿ. ಒಂದು ನಂಬರ್ ಮೆದು ಸ್ಪ್ರಿಂಗ್ ಹಾಕಿದ ಮೇಲೆ 102 ಮತ್ತು 34 ಬಂತು. ಮುಂದೆಯೂ ಒಂದು ನಂಬರ್ ಮೆದು ಸ್ಪ್ರಿಂಗು, ಹೊರ ಕೋಣೆಯ ಆಯಿಲ್ 20 ಮಿಲಿಲೀಟರ್ ಕಡಿಮೆ, ಕಂಪ್ರೆಷನ್ ಕ್ಲಿಕ್ ನಾಲ್ಕು ಹೊರಕ್ಕೆ. ಜಿಪ್ ಟೈ 265ರ ತನಕ ಹೋಯಿತು. ಮೂರು ಸುತ್ತು ಆರಾಯಿತು.

ಚಕ್ರದ ಕಥೆ ಚಿಕ್ಕದು, ಖರ್ಚು ದೊಡ್ಡದು. 19 ಇಂಚಿನ ಹಿಂಚಕ್ರಕ್ಕೆ ಟೈರಿನ ಗೋಡೆ ಗಿಡ್ಡ. ಕಲ್ಲಿಗೆ ಹೊಡೆದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು. ಎರಡು ಸಲ ಗಾಡಿ ನೂಕಿಕೊಂಡು ಬಂದ ಮೇಲೆ ಅದೇ ಹಬ್ಬಿಗೆ 18 ಇಂಚಿನ ರಿಮ್, ಹೊಸ ಕಡ್ಡಿಗಳು, ದಪ್ಪ ಟ್ಯೂಬು, ಟೈರು ರಿಮ್ಮಿನ ಮೇಲೆ ಜಾರದಂತೆ ಹಿಡಿಯುವ ರಿಮ್ ಲಾಕ್. ಗಾಳಿ 11 ಪಿಎಸ್‌ಐ.

ಬಿಸಿಯ ಕಾಟ ನಾನು ಅಂದುಕೊಂಡದ್ದಕ್ಕಿಂತ ಹೆಚ್ಚಿತ್ತು. ರೇಡಿಯೇಟರಿಗೆ ಫ್ಯಾನ್ ಇಲ್ಲ, ಗಾಳಿ ಬೇಕೆಂದರೆ ಓಡಬೇಕು. ಬಿದಿರು ಮೆಳೆಯ ಏರಿನಲ್ಲಿ ಕ್ಲಚ್ ಜಾರಿಸುತ್ತಾ ನಿಂತರೆ ಎರಡೇ ನಿಮಿಷಕ್ಕೆ ಕೂಲೆಂಟ್ ಉಕ್ಕಿ ಹೊರಗೆ. ಹಳ್ಳದ ನೀರು ತುಂಬಿಸಿ ಮನೆಗೆ ತಂದದ್ದೂ ಉಂಟು. ರೆಕ್ಕೆಗಳ ನಡುವಿನ ಒಣ ಕೆಸರನ್ನು ನೀರಿನಲ್ಲಿ ನೆನೆಸಿ ಹಲ್ಲುಜ್ಜುವ ಬ್ರಶ್ಶಿನಲ್ಲಿ ತೆಗೆದು, ಅರ್ಧಕ್ಕರ್ಧ ಕೂಲೆಂಟ್, ಹೆಚ್ಚು ಒತ್ತಡ ತಡೆಯುವ ಮುಚ್ಚಳ, ಸೋರಿದ್ದನ್ನು ಹಿಡಿಯಲು ಸಣ್ಣ ಬಾಟ್ಲಿ. ನಿಜವಾದ ಪರಿಹಾರ ಮಾತ್ರ ಫ್ಲೈವೀಲ್ ತೂಕದಿಂದಲೇ ಬಂತು, ಏಕೆಂದರೆ ಕ್ಲಚ್ ಜಾರಿಸುವುದೇ ತಪ್ಪಿತು.

ಇನ್ನು ಕಾಪಾಡುವ ಸಾಮಾನು: ಅಡಿ ತಟ್ಟೆ, ಉಬ್ಬಿದ ಎಕ್ಸಾಸ್ಟ್ ಪೈಪಿಗೆ ಗಾರ್ಡು, ರೇಡಿಯೇಟರಿಗೆ ಕಟ್ಟು. ಹ್ಯಾಂಡ್‌ಗಾರ್ಡ್ ಎರಡೂ ತುದಿ ಮುಚ್ಚಿದ್ದೇ ಆಗಬೇಕು. ಕಾಫಿ ರೆಕ್ಕೆ (ಅಡ್ಡ ಕೊಂಬೆ) ಬ್ರೇಕ್ ಲಿವರಿನ ಒಳಗೆ ನುಗ್ಗಿದರೆ ಮುಂದಿನ ಚಕ್ರ ತಾನೇ ಹಿಡಿದುಕೊಳ್ಳುತ್ತದೆ. ಗೌಡನ ಎಡ ಭುಜದ ಮೇಲೆ ಅದರ ಗುರುತಿದೆ. ಉದ್ದ ಇಳಿಜಾರಿನಲ್ಲಿ ಥ್ರಾಟಲ್ ಪೂರಾ ಮುಚ್ಚಿ ಗೇರಿನಲ್ಲಿ ಇಳಿಯುವುದನ್ನೂ ಬಿಡಿಸಬೇಕಾಯಿತು. ಪೆಟ್ರೋಲ್ ಹೋಗದಿದ್ದರೆ ಆಯಿಲೂ ಹೋಗುವುದಿಲ್ಲ. ನಡುನಡುವೆ ಒಂದು ಚಿಕ್ಕ ತಿರುವು ಕೊಡುತ್ತಿರಬೇಕು.

ಸೈಲೆನ್ಸರಿಗೆ ಸ್ಪಾರ್ಕ್ ಅರೆಸ್ಟರ್ ಇರುವುದನ್ನೇ ಹಾಕಿದೆವು. ಫೆಬ್ರವರಿ, ಮಾರ್ಚಿನಲ್ಲಿ ಸಿಲ್ವರ್ ಓಕಿನ ಒಣ ಎಲೆ ಮೊಣಕಾಲುದ್ದ ಬಿದ್ದಿರುತ್ತದೆ, ಅದರಲ್ಲೇ ರೊಬಸ್ಟಾ ಕುಯ್ಲೂ ನಡೆದಿರುತ್ತದೆ. ಇದ್ದಿಲಿನ ಒಂದು ಕಿಡಿ ಸಾಕು. ಸದ್ದೂ ಇಳಿಯಿತು. ಆದರೂ ಆನೆ ಬಂದ ಸುದ್ದಿ ಇದ್ದ ದಿನ ಗಾಡಿ ಶೆಡ್ಡಿನಿಂದ ಹೊರಗೆ ಬರುವುದಿಲ್ಲ. ಹೆಲ್ಮೆಟ್ ಒಳಗೆ ಟೂ-ಸ್ಟ್ರೋಕಿನ ಸದ್ದು ಕೇಳುತ್ತಿರುವವನಿಗೆ ಬಿದಿರು ಮುರಿಯುವ ಸದ್ದು ಕೇಳಿಸುವುದಿಲ್ಲ.

ಸುತ್ತಿನ ಸಮಯ 16 ನಿಮಿಷದಿಂದ 13ಕ್ಕೆ ಬಂದಿದೆ. ಪೈಪಿನ ಆಸೆ ಗೌಡನಿಗೆ ಇನ್ನೂ ಹೋಗಿಲ್ಲ. ಹೋದ ವಾರ ಫೋನ್ ಮಾಡಿ, "ಅಣ್ಣಾ, ಕಾಯಿಲ್ ಸುತ್ತಿಸಿ ಒಂದು ಲೈಟ್ ಹಾಕ್ಬಹುದಾ?" ಅಂದ. ಹಾಕಬಹುದು. ಆದರೆ ಅವರ್ ಮೀಟರ್ 38 ಗಂಟೆ ತೋರಿಸುತ್ತಿದೆ, ಕಿಕ್ಕರ್ ಕೈಯಲ್ಲಿ ಒತ್ತಿದರೆ ಮೊದಲಿನಷ್ಟು ಎದುರು ಒತ್ತುತ್ತಿಲ್ಲ. ಪಿಸ್ಟನ್, ರಿಂಗ್ ತಂದಿಟ್ಟಿದ್ದೇನೆ. ಮಳೆ ಹಿಡಿಯುವ ಮುಂಚೆ ಪಿಕಪ್ ಕಳಿಸು ಅಂತ ಹೇಳಿದ್ದೇನೆ.